ಯುರೋಪಿನಲ್ಲಿ ಮೋಟಾರು ಪ್ರವಾಸ: ಹೊರಡುವ ಮುನ್ನ

ದೇಶ ಸುತ್ತು, ಕೋಶ ಓದು ಎಂದರು ನಮ್ಮ ಹಿರಿಯರು. ಆದರೆ ಪರದೇಶದಲ್ಲಿ ತಾವೇ ಮೋಟಾರು ನಡೆಸುತ್ತ ತಿರುಗಬೇಕೆನ್ನುವವರು ಈ ಕ್ರಮವನ್ನು ತುಸು ಬದಲಿಸಿ, ಮೊದಲು ಕೋಶವನ್ನೋದಿ ಅನಂತರವೇ ದೇಶ ಸುತ್ತುವುದು ಲೇಸು. ಪ್ರವಾಸ ಸಂಸ್ಥೆಯ ಬಸ್ಸಿನಲ್ಲಿ ಕುಳಿತು ಏಳು ದಿನಗಳಲ್ಲಿ ಏಳು ನಗರಗಳನ್ನು ಕಂಡು ಬರುವವನಿಗೆ ಚಿಂತೆಯಿಲ್ಲ. ಅವನ ಚಿಂತೆಯನ್ನು ಬೇರೊಬ್ಬರು ವಹಿಸಿಕೊಂಡಿರುತ್ತಾರೆ. ತಾನೇ ಚಕ್ರ ಹಿಡಿಯುವವನ ಸಂಗತಿ ಹಾಗಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣ, ಹಿಂದಿನ ಆಸನದಲ್ಲಿ ಕುಳಿತ ವೃದ್ಧ ತಾಯಿತಂದೆ, ಅವರ ನಡುವೆ ನಿದ್ದೆಹೋದ ಮಗು, ಇಷ್ಟೂ ಅವನ ಎರಡು ಕೈಗಳ ಮೇಲೆ ನಿಂತಿರುತ್ತವೆ. ಆದುದರಿಂದ ಮುಂಬಯಿ, ಪುಣೆಗಳಿಂದ ಹೊರಡಲಿರುವ ನಮ್ಮವರಿಗಾಗಿ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ.

ದಾರಿಯ ಆಯ್ಕೆ

ಉದಾಹರಣೆಗೆ ಒಂದು ದಾರಿಯನ್ನು ನೋಡೋಣ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇಳಿದು, ಬಾಡಿಗೆಯ ಕಾರು ಪಡೆದು, ಬಾಸೆಲ್, ಲೂಸರ್ನ್‌ಗಳ ಮಾರ್ಗವಾಗಿ ಗೊಟ್ಟಾರ್ಡ್ ಪರ್ವತವನ್ನು ದಾಟಿ ಇಟಲಿಯ ಮಿಲಾನಿಗೆ ಬರುವುದು. ಅಲ್ಲಿಂದ ವೆರೋನಾ, ವೆನಿಸ್. ಮರಳುವಾಗ ಬ್ರೆನ್ನರ್ ಕಣಿವೆಯ ಮೂಲಕ ಆಸ್ಟ್ರಿಯಾದ ಇನ್ಸ್‌ಬ್ರುಕ್, ಮ್ಯೂನಿಕ್, ಕೊನೆಗೆ ಪುನಃ ಫ್ರಾಂಕ್‌ಫರ್ಟ್. ಇದೆಲ್ಲ ಸೇರಿ ಸುಮಾರು 2,000 ಕಿಲೋಮೀಟರು. ಎಂದರೆ ಮುಂಬಯಿಯಿಂದ ಬೆಂಗಳೂರಿಗೆ ಹೋಗಿ ಮರಳಿ ಬಂದಷ್ಟೇ. ನಾಲ್ಕು ದೇಶಗಳು ಈ ಅಳತೆಯೊಳಗೆ ಅಡಗಿವೆ. ದೂರ ಅಲ್ಪವೆಂದು ಎಂಟು ದಿನಗಳಲ್ಲಿ ಮುಗಿಸಲು ಹೊರಟರೆ ಹೆದ್ದಾರಿಯ ಕಂಬಗಳನ್ನಷ್ಟೇ ಎಣಿಸಿ ಬರಬೇಕಾದೀತು. ಎರಡು ವಾರಗಳಾದರೂ ಬೇಕು. ಕಾರನ್ನು ಪಡೆದ ಊರಿನಲ್ಲೇ ಹಿಂದಿರುಗಿಸುವುದೂ ಹಿತ. ಬೇರೆ ದೇಶದಲ್ಲಿ ಬಿಟ್ಟುಬಂದರೆ ಬಾಡಿಗೆಯವರು ಅದಕ್ಕಾಗಿ ಪ್ರತ್ಯೇಕ ಹಣ ಕೇಳುತ್ತಾರೆ.

ಕಾಗದಪತ್ರಗಳು

ಮೇಲಿನ ನಾಲ್ಕು ದೇಶಗಳೂ ಶೆಂಗೆನ್ ವಲಯಕ್ಕೆ ಸೇರಿದವು. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಒಂದು ಹಡಗಿನಲ್ಲಿ ಐದು ದೇಶಗಳು ಮಾಡಿಕೊಂಡ ಒಪ್ಪಂದ 2025ರ ವೇಳೆಗೆ 29 ದೇಶಗಳಿಗೆ ಹಬ್ಬಿದೆ. ಒಂದೇ ವೀಸಾ ಸಾಕು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇರಬಹುದು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಕೊಡಬಹುದು; 15 ದಿನಗಳಿಗಿಂತ ತಡಮಾಡಕೂಡದು. 30,000 ಯೂರೋಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಬ್ರಿಟನ್ನು ಹಾಗೂ ಐರ್ಲೆಂಡು ಈ ವಲಯದ ಹೊರಗಿವೆ ಎಂಬುದನ್ನು, ಲಂಡನ್ನನ್ನೂ ನೋಡಿಬರೋಣವೆನ್ನುವವರು ಮರೆಯಬಾರದು.

ಎರಡನೆಯದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಇದನ್ನು ನಮ್ಮ ಸಾರಿಗೆ ಕಚೇರಿಯಿಂದಲೇ ಪಡೆಯಬೇಕು. ಅವಧಿ ಒಂದು ವರ್ಷ. ಇದು ಮೂಲ ಪರವಾನಗಿಗೆ ಬದಲಿಯಲ್ಲ, ಅದರ ಜೊತೆಗಾರ ಮಾತ್ರ, ಎರಡೂ ಕೈಯಲ್ಲಿರಬೇಕು. ಪತಿಪತ್ನಿಯರಿಬ್ಬರೂ ಕಾರು ನಡೆಸುವುದಾದರೆ ಇಬ್ಬರ ಹೆಸರೂ ಬಾಡಿಗೆಯ ಕರಾರಿನಲ್ಲಿರಲಿ. ಹೆಸರಿಲ್ಲದವರು ಚಕ್ರ ಹಿಡಿದಾಗ ಅಪಘಾತವಾದರೆ ವಿಮೆ ಕೈಕೊಡಬಹುದು. ಯಾವ ಯಾವ ದೇಶಗಳಿಗೆ ಕಾರನ್ನು ಒಯ್ಯುವಿರೆಂಬುದನ್ನೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಜರ್ಮನಿಯಲ್ಲಿ 12 ವರ್ಷದೊಳಗಿನ, 150 ಸೆಂಟಿಮೀಟರಿಗಿಂತ ಗಿಡ್ಡಾದ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕು. ಅದನ್ನೂ ಕಾರಿನೊಡನೆಯೇ ಕೇಳಿಕೊಳ್ಳಿ.

ಕೈಯ ಅಭ್ಯಾಸ

ಕಾಗದಗಳನ್ನು ಹಣದಿಂದ ಹೊಂದಿಸಬಹುದು; ಅಭ್ಯಾಸವನ್ನು ಹಾಗೆ ಹೊಂದಿಸಲಾಗದು. ಯುರೋಪಿನ ಮುಖ್ಯ ಭೂಭಾಗದಲ್ಲೆಲ್ಲ ವಾಹನಗಳು ಬಲಕ್ಕೆ ಸಾಗುತ್ತವೆ. ಎಡಕ್ಕೆ ಸಾಗುತ್ತಿದ್ದ ಸ್ವೀಡನ್ನು ಕೂಡ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನೇ ಬಲಕ್ಕೆ ತಿರುಗಿಸಿತು. ಅಲ್ಲಿನ ಕಾರಿನಲ್ಲಿ ಚಕ್ರ ಎಡಕ್ಕೆ, ಗೇರು ಬಲಗೈಗೆ. ಕಾಲಡಿಯ ಪೆಡಲುಗಳು ಮಾತ್ರ ನಮ್ಮಲ್ಲಿದ್ದ ಕ್ರಮದಲ್ಲೇ ಇರುತ್ತವೆ. ನಮ್ಮ ಹೆಚ್ಚಿನ ಕಾರುಗಳಲ್ಲಿ ತಿರುವಿನ ದೀಪದ ಕಡ್ಡಿ ಬಲಕ್ಕಿದ್ದರೆ ಅಲ್ಲಿ ಎಡಕ್ಕೆ. ಆದುದರಿಂದ ಮೊದಲ ದಿನ ಪ್ರತಿ ತಿರುವಿನಲ್ಲೂ ಒಣ ಗಾಜನ್ನು ಒರೆಸುವ ವೈಪರಿನ ದರ್ಶನವಾದರೆ ನಗುವುದೊಂದೇ ದಾರಿ. ಎಡಬದಿಯಲ್ಲಿ ಕುಳಿತವನ ಕಾರು ತಿಳಿಯದಂತೆ ಬಲದ ಅಂಚಿಗೆ ಸರಿಯುವುದು ಮಾತ್ರ ನಗುವ ಸಂಗತಿಯಲ್ಲ.

ವೃತ್ತಗಳಲ್ಲಿ ನಾವು ಪ್ರದಕ್ಷಿಣೆ ಬರುವವರು, ಅವರು ಅಪ್ರದಕ್ಷಿಣೆ. ಸಾಮಾನ್ಯವಾಗಿ ವೃತ್ತದೊಳಗೆ ಇದ್ದವನಿಗೆ ಮೊದಲ ಹಕ್ಕು. ಯಾವ ಫಲಕವೂ ಇಲ್ಲದ ಕೂಡುದಾರಿಯಲ್ಲಿ ಬಲದಿಂದ ಬರುವವನಿಗೆ ದಾರಿ ಬಿಡಬೇಕು. ಹಳದಿ ವಜ್ರಾಕೃತಿಯ ಫಲಕ ಕಂಡರೆ ನೀವು ಆದ್ಯತೆಯ ರಸ್ತೆಯಲ್ಲಿದ್ದೀರೆಂದು ಅರ್ಥ. ವಿಚಾರ ಮಾಡಿದರೆ, ಗದ್ದಲದ ರಸ್ತೆಯಲ್ಲಿ ಅಪಾಯ ಕಡಿಮೆಯೇ, ಮುಂದಿನವನನ್ನು ಹಿಂಬಾಲಿಸಿದರಾಯಿತು. ಮುಂಜಾನೆ ಪೆಟ್ರೋಲು ಪಂಪಿನಿಂದ ಬರಿದಾದ ರಸ್ತೆಗೆ ಇಳಿಯುವಾಗ, ದಾರಿ ತೋರುವ ವಾಹನವೊಂದೂ ಇಲ್ಲದಿರುವಾಗ, ಇಪ್ಪತ್ತು ವರ್ಷಗಳ ರೂಢಿ ಕೈಯನ್ನು ಎಡಕ್ಕೆ ಎಳೆಯುತ್ತದೆ. ಆ ಕ್ಷಣದಲ್ಲಿ ಪಕ್ಕದಲ್ಲಿ ಕುಳಿತವರು 'ಬಲಕ್ಕೆ' ಎಂದು ಗಟ್ಟಿಯಾಗಿ ಹೇಳುವ ಪದ್ಧತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳತಕ್ಕದ್ದು.

ಸುಂಕ ಮತ್ತು ದಂಡ

ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಸುಂಕವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 40 ಫ್ರಾಂಕುಗಳ ವಾರ್ಷಿಕ 'ವಿನ್ಯೆಟ್' ಬೇಕು. ಅಲ್ಲಿ ಕಳೆಯುವುದು ಒಂದೇ ದಿನವಾದರೂ ಬೆಲೆ ಅಷ್ಟೇ. ಆಸ್ಟ್ರಿಯಾದಲ್ಲಿ ಹತ್ತು ದಿನಗಳದೂ ದೊರೆಯುತ್ತದೆ. ಆದರೆ ಬ್ರೆನ್ನರ್ ಹೆದ್ದಾರಿಗೆ ಬೇರೆಯೇ ಸುಂಕ. ಇಟಲಿಯಲ್ಲಿ ದೂರಕ್ಕೆ ತಕ್ಕಂತೆ ಕಟ್ಟೆಗಳಲ್ಲಿ ಕೊಡಬೇಕು. ಅಲ್ಲಿನ ಹಳೆಯ ನಗರಗಳ ನಡುವಣ ಭಾಗಕ್ಕೆ ಅನುಮತಿಯಿಲ್ಲದ ವಾಹನಗಳು ಪ್ರವೇಶಿಸುವಂತಿಲ್ಲ. ವೆರೋನಾದಲ್ಲೂ ಅಂಥ ವಲಯವಿದೆ. ಅಲ್ಲಿ ತಡೆಯುವ ಪೊಲೀಸನಿಲ್ಲ, ಕ್ಯಾಮೆರಾ ಇದೆ. ತಿಂಗಳುಗಳು ಕಳೆದ ಮೇಲೆ ದಂಡದ ಕಾಗದ ಮನೆಗೆ ಬರುತ್ತದೆ. ವೆನಿಸಿನ ಕಾಲುವೆಗಳ ನಡುವಿಗಂತೂ ಕಾರು ಹೋಗುವಂತೆಯೇ ಇಲ್ಲ. ಅಂಚಿನಲ್ಲಿ ಬಿಟ್ಟು ದೋಣಿ ಏರಬೇಕು.

ಪರ್ವತದ ದಾರಿ

ಆಗುಂಬೆ, ಚಾರ್ಮಾಡಿ ಘಟ್ಟಗಳನ್ನು ಇಳಿದವನಿಗೆ ಆಲ್ಪ್ಸಿನ ತಿರುವುಗಳು ಅಪರಿಚಿತವಲ್ಲ. ಆದರೆ ನಮ್ಮಲ್ಲಿ ಮಳೆ ದಾರಿಯನ್ನು ತಡೆದರೆ ಅಲ್ಲಿ ತಡೆಯುವುದು ಹಿಮ. 2,106 ಮೀಟರು ಎತ್ತರದ ಗೊಟ್ಟಾರ್ಡ್ ಕಣಿವೆಮಾರ್ಗ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಗ 1980ರಲ್ಲಿ ತೆರೆದ, ಸುಮಾರು 17 ಕಿಲೋಮೀಟರು ಉದ್ದದ ಸುರಂಗವೇ ಗತಿ. ಬೇಸಿಗೆಯ ರಜೆಗಳಲ್ಲಿ ಆ ಸುರಂಗದ ಬಾಯಿಯಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವುದುಂಟು. ಸ್ವಿಟ್ಜರ್ಲೆಂಡಿನ ಪರ್ವತದ ಅಂಚೆ ರಸ್ತೆಗಳಲ್ಲಿ ಹಳದಿ ಅಂಚೆ ಬಸ್ಸಿಗೆ ಆದ್ಯತೆ. ಅದರ ಚಾಲಕನ ಸನ್ನೆಯನ್ನು ಪಾಲಿಸಬೇಕು.

ಬುತ್ತಿಯ ಗಂಟು

ಬುತ್ತಿಯಿಲ್ಲದೆ ಹೊರಡುವುದು ನಮ್ಮವರಿಗೆ ಒಗ್ಗದ ಮಾತು. ಆದರೆ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಹಾಗೂ ಹಾಲಿನ ಪದಾರ್ಥಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಧಾರವಾಡದ ಪೇಡೆಯೂ ಮನೆಯ ತುಪ್ಪವೂ ಈ ನಿಷೇಧದೊಳಗೆ ಬರುತ್ತವೆ. ಸಸ್ಯಾರೋಗ್ಯ ಪತ್ರವಿಲ್ಲದ ಹಸಿ ಕರಿಬೇವಿಗೂ ಪ್ರವೇಶವಿಲ್ಲ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳು ಆಪದ್ಬಾಂಧವರು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಹಾಲು, ಹಣ್ಣು ಕೊಂಡಿಟ್ಟುಕೊಳ್ಳಬೇಕು. ಪಂಪಿನಲ್ಲೂ ಎಚ್ಚರ: ಇಟಲಿಯಲ್ಲಿ 'ಬೆಂಜಿನಾ' ಎಂದರೆ ಪೆಟ್ರೋಲು, 'ಗಸೋಲಿಯೊ' ಎಂದರೆ ಡೀಸೆಲು. ಎಲ್ಲಿ ಏನೇ ಆಪತ್ತಾದರೂ 112 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ನಿಲ್ಲುವ ಧೈರ್ಯ

ಯುರೋಪಿಯನ್ ಒಕ್ಕೂಟದ ಕಾನೂನು, ಅನುಭವಿಯಾದ ಲಾರಿ ಚಾಲಕನೂ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಬೇಕೆನ್ನುತ್ತದೆ. ರಾತ್ರಿಯೆಲ್ಲ ವಿಮಾನದಲ್ಲಿ ಕಳೆದು, ಮೂರೂವರೆ ಗಂಟೆ ಹಿಂದಿರುವ ಗಡಿಯಾರಕ್ಕೆ ಇನ್ನೂ ಒಗ್ಗದ ಗೃಹಸ್ಥನು ಅದಕ್ಕಿಂತ ಕಡಿಮೆಯನ್ನೇ ತನ್ನ ಮಿತಿಯಾಗಿ ಇಟ್ಟುಕೊಳ್ಳಬೇಡವೇ? ಇಳಿದ ದಿನ ಕಾರು ಮುಟ್ಟದಿರುವುದು ಉತ್ತಮ. ಮುಂಗಡ ಕೊಟ್ಟ ಹೋಟೆಲಿನ ಹಣ ಮುಳುಗೀತೆಂಬ ಅಂಜಿಕೆಯಿಂದ ಕತ್ತಲಲ್ಲಿ, ಮಳೆಯಲ್ಲಿ ಕೊನೆಯ ನೂರು ಕಿಲೋಮೀಟರು ಓಡಿಸುವವರೇ ಹೆಚ್ಚು. ಆ ಹಣಕ್ಕಿಂತ ಹಿಂದಿನ ಆಸನದಲ್ಲಿ ಕುಳಿತವರು ಬೆಲೆಯುಳ್ಳವರು. ಆದ್ದರಿಂದ ಕುಟುಂಬದಲ್ಲಿ ಯಾರೊಬ್ಬರು 'ಇಂದಿಗೆ ಸಾಕು' ಎಂದರೂ ಚಾಲಕನು ವಾದಿಸದೆ ಮುಂದಿನ ಊರಿನಲ್ಲಿ ಕಾರು ನಿಲ್ಲಿಸಬೇಕೆಂಬ ಒಡಂಬಡಿಕೆಯನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿರಿ. ವೀಸಾ, ವಿಮೆಗಳನ್ನು ಕಚೇರಿಗಳು ಕೊಡುತ್ತವೆ. ಈ ಒಂದು ಪತ್ರವನ್ನು ಮಾತ್ರ ನಮಗೆ ನಾವೇ ಬರೆದುಕೊಳ್ಳಬೇಕು.