ತವರಿನಿಂದ ದೂರವಿದ್ದು ಗೆದ್ದ ತಂಡ

ಮಣ್ಣಿನ ಮೇಲೆ ಗೆರೆ ಎಳೆದು, ಉಸಿರು ಬಿಗಿಹಿಡಿದು ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಎದುರಾಳಿಗಳ ನಡುವೆ ನುಗ್ಗುವ ಆಟ ಕನ್ನಡನಾಡಿಗೆ ಹೊಸದಲ್ಲ. ಆದರೆ ನಗರವೊಂದರ ಹೆಸರು ಹೊತ್ತು, ಸಂಭಾವನೆ ಪಡೆದು ಆಡುವ ವೃತ್ತಿಪರ ತಂಡಗಳು ಬಂದದ್ದು 2014ರಲ್ಲಿ, ಪ್ರೊ ಕಬಡ್ಡಿ ಲೀಗಿನೊಡನೆ. ಅಂದು ಕಣಕ್ಕಿಳಿದ ಎಂಟು ತಂಡಗಳಲ್ಲಿ ಬೆಂಗಳೂರು ಬುಲ್ಸ್ ಒಂದು.

ಮರುವರ್ಷವೇ ಈ ತಂಡ ಮಂಜೀತ್ ಛಿಲ್ಲರ್ ಅವರ ನಾಯಕತ್ವದಲ್ಲಿ ಅಂತಿಮ ಪಂದ್ಯವನ್ನು ತಲುಪಿತು. ಆದರೆ ಯು ಮುಂಬಾ ತಂಡ 36–30ರಿಂದ ಪ್ರಶಸ್ತಿಯನ್ನು ಕಸಿದುಕೊಂಡಿತು.

ಅದಕ್ಕಿಂತ ದೊಡ್ಡ ಕೊರತೆ ಮುಂದೆ ಕಾದಿತ್ತು. 2017ರಲ್ಲಿ ತಂಡದ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ, 2018ರಲ್ಲಿ ಪುಣೆಯಲ್ಲಿ! ಕಾಫಿ ಸೀಮೆಯ ಆಲ್ದೂರಿನಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತ ಅಭಿಮಾನಿಗೂ, ಕಂಠೀರವ ಕ್ರೀಡಾಂಗಣದ ನೆರೆಯಲ್ಲೇ ವಾಸಿಸುವವನಿಗೂ ತಮ್ಮ ತಂಡವನ್ನು ಕಾಣಲು ಪರದೆಯೊಂದೇ ಗತಿಯಾಯಿತು.

ವಿಚಿತ್ರವೆಂದರೆ, ವಿಜಯಲಕ್ಷ್ಮಿ ಒಲಿದದ್ದು ಆ ಪರಸ್ಥಳವಾಸದ ಋತುವಿನಲ್ಲಿಯೇ. 2019ರ ಜನವರಿ 5ರಂದು ಮುಂಬಯಿಯಲ್ಲಿ ಅಂತಿಮ ಪಂದ್ಯ. ಎದುರಾಳಿ ಗುಜರಾತ್. ವಿರಾಮದ ವೇಳೆಗೆ ರೋಹಿತ್ ಕುಮಾರ್ ನಾಯಕತ್ವದ ಬುಲ್ಸ್ 9–16ರಿಂದ ಹಿಂದೆ ಬಿದ್ದಿತ್ತು. ಆಗ ಪವನ್ ಸೆಹ್ರಾವತ್ ಸಿಡಿದೆದ್ದರು. ಹಿಂದಿನ ಋತುವಿನಲ್ಲಿ ಗುಜರಾತ್ ತಂಡದಲ್ಲಿಯೇ ಇದ್ದು, ಹೆಚ್ಚು ಅವಕಾಶ ಕಾಣದಿದ್ದ ದಾಳಿಗಾರ ಆತ! ಅಂದು ಅವರೊಬ್ಬರೇ 22 ಅಂಕ ಗಳಿಸಿದರು. ಬುಲ್ಸ್ 38–33ರಿಂದ ಗೆದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ ಗಳಿಸಿ ಪವನ್ ದಾಖಲೆಯನ್ನೇ ನಿರ್ಮಿಸಿದರು.

2019ರಲ್ಲಿ ತಂಡ ಮತ್ತೆ ಕಂಠೀರವಕ್ಕೆ ಮರಳಿತು. ಆದರೆ ದೈವದ ಆಟ ಮುಗಿದಿರಲಿಲ್ಲ. ಕೋವಿಡ್ ಹಾವಳಿಯ ದಿನಗಳಲ್ಲಿ, 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ, ಇಡೀ ಲೀಗೇ ಬೆಂಗಳೂರಿಗೆ ಬಂದಿತು. ಪ್ರೇಕ್ಷಕರಿಗೆ ಮಾತ್ರ ಪ್ರವೇಶವಿರಲಿಲ್ಲ. ಪಂದ್ಯ ಊರೊಳಗೇ ನಡೆದರೂ ಊರಿನವರು ಮತ್ತೆ ಪರದೆಯ ಮುಂದೆಯೇ ಕುಳಿತರು.

ತಂಡಕ್ಕೆ ಕೀರ್ತಿ ತಂದ ಮಂಜೀತ್, ರೋಹಿತ್, ಪವನ್ ಮೂವರೂ ಉತ್ತರ ಭಾರತದವರು. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ.ಸಿ. ರಮೇಶ್ ಅವರಾದರೋ 2019ರಲ್ಲಿ ಬಂಗಾಳ ತಂಡವನ್ನೂ 2024ರಲ್ಲಿ ಪುಣೆ ತಂಡವನ್ನೂ ತರಬೇತುದಾರರಾಗಿ ಗೆಲ್ಲಿಸಿದವರು. ಅನ್ಯರಿಗೆ ಎರಡು ಕಿರೀಟ ತೊಡಿಸಿದ ಆ ಕೈಗಳಿಗೆ 2025ರಲ್ಲಿ ಬೆಂಗಳೂರಿನ ತಂಡವನ್ನು ಒಪ್ಪಿಸಲಾಯಿತು.