ಮರಳಿನ ಮೇಲಿನ ನೆರಳಿಗೆ ಗುಂಡು ಹೊಡೆದ ಪೈಲಟ್

1941, ಎರಡನೇ ಮಹಾಯುದ್ಧ. ಉತ್ತರ ಆಫ್ರಿಕಾದ ಮರುಭೂಮಿ. ಆಸ್ಟ್ರೇಲಿಯಾದ ಪೈಲಟ್ ಕ್ಲೈವ್ ಕಾಲ್ಡ್‌ವೆಲ್‌ಗೆ ಒಂದೇ ಚಿಂತೆ: ಗುಂಡು ಹಾರ್ತಿದೆ, ಗುರಿಗೆ ತಾಗ್ತಿಲ್ಲ.

ಯಾಕೆ? ಶತ್ರು ವಿಮಾನ ಅಡ್ಡಲಾಗಿ ಹಾರ್ತಿರುತ್ತೆ. ಅದು ಈಗಿರೋ ಜಾಗಕ್ಕೆ ಹೊಡೆದ್ರೆ, ಗುಂಡು ತಲುಪೋ ಹೊತ್ತಿಗೆ ವಿಮಾನ ಮುಂದೆ ಹೋಗಿರುತ್ತೆ. ಹಾಗಾದ್ರೆ ಎಷ್ಟು ಮುಂದಕ್ಕೆ ಗುರಿ ಇಡಬೇಕು? ಬರೀ ಆಕಾಶದಲ್ಲಿ ಇದನ್ನ ಕಲಿಯೋದು ಬಹಳ ಕಷ್ಟ.

ಕಾಲ್ಡ್‌ವೆಲ್ ಕೆಳಗೆ ನೋಡಿದ್ರು. ಜೊತೆಯ ವಿಮಾನಗಳ ನೆರಳು ಮರಳಿನ ಮೇಲೆ ಓಡ್ತಿತ್ತು. ಆ ನೆರಳಿಗೇ ಗುಂಡು ಹಾರಿಸಿದ್ರು. ಮರಳು ಚಿಮ್ಮಿದ ಜಾಗ ನೋಡಿದ್ರೆ ಸಾಕು, ಗುಂಡು ಹಿಂದೆ ಬಿತ್ತೋ ಮುಂದೆ ಬಿತ್ತೋ ಗೊತ್ತಾಗುತ್ತೆ! ಈ ಅಭ್ಯಾಸ ಬೇರೆ ಸ್ಕ್ವಾಡ್ರನ್‌ಗಳಿಗೂ ಹಬ್ಬಿತು. ನನ್ನ ಮಟ್ಟಿಗೆ, ಅವರ ಎಲ್ಲ ಗೆಲುವುಗಳಿಗಿಂತ ದೊಡ್ಡ ಕೊಡುಗೆ ಇದೇ.

ಅದೇ ವರ್ಷ ಆಗಸ್ಟ್ 29. ಎರಡು ಜರ್ಮನ್ ಮೆಸ್ಸರ್‌ಶ್ಮಿಟ್ ಯುದ್ಧವಿಮಾನಗಳು ಮೇಲೆರಗಿದವು. ಕಾಲ್ಡ್‌ವೆಲ್ ಅವರ ಟೊಮಾಹಾಕ್ ವಿಮಾನಕ್ಕೆ ನೂರಕ್ಕೂ ಹೆಚ್ಚು ಗುಂಡು, ಜೊತೆಗೆ ಐದು ಫಿರಂಗಿ ಷೆಲ್. ಬೆನ್ನಿಗೆ, ಭುಜಕ್ಕೆ, ಕಾಲಿಗೆ ಗಾಯ. ಅಷ್ಟಾದ್ರೂ ತಿರುಗಿಬಿದ್ದು ಒಂದನ್ನ ಹೊಡೆದುರುಳಿಸಿ, ಜರ್ಜರಿತವಾದ ವಿಮಾನವನ್ನ ನೆಲೆಗೆ ತಂದು ಇಳಿಸಿದ್ರು.

ಡಿಸೆಂಬರ್ 5ರಂದು ಒಂದೇ ಹಾರಾಟದಲ್ಲಿ ಐದು ಜರ್ಮನ್ ಸ್ಟೂಕಾ ಬಾಂಬರ್‌ಗಳನ್ನ ಉರುಳಿಸಿದ್ರು. 1942ರ ಜನವರಿಯಲ್ಲಿ, ಮೂತಿಗೆ ಶಾರ್ಕ್ ಹಲ್ಲು ಬಳಿದ ವಿಮಾನಗಳ 112ನೇ ಸ್ಕ್ವಾಡ್ರನ್‌ಗೆ ಅವರೇ ನಾಯಕ.

ಜನ ಅವರನ್ನ ‘ಕಿಲ್ಲರ್’ ಅಂದ್ರು. ಆ ಹೆಸರು ಅವರಿಗೆ ಇಷ್ಟವೇ ಇರಲಿಲ್ಲ.

1943ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹತ್ತಿ, ಜಪಾನಿ ದಾಳಿಗೆ ಸಿಕ್ಕಿದ್ದ ತಮ್ಮ ದೇಶದ ಡಾರ್ವಿನ್ ನಗರವನ್ನ ಕಾಯೋಕೆ ನಿಂತ್ರು.