ಕನಸು ಕೇಳಲು ಬಂದ ಅತಿಥಿ

ಪರದೇಶದಿಂದ ಸೇವೆಗೆಂದು ಬರುವವರು ನಮಗೆ ಏನನ್ನಾದರೂ ಕಲಿಸಲು ಬರುತ್ತಾರೆಂಬುದು ನಮ್ಮ ತಲೆಮಾರಿನವರ ತಿಳಿವಳಿಕೆ. ಅದಕ್ಕೆ ಕಾರಣವೂ ಉಂಟು. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿ ಸ್ಥಾಪಿಸಿದ ಶಾಂತಿದಳದ ತರುಣ ತರುಣಿಯರು 1976ರವರೆಗೆ ಭಾರತದಲ್ಲಿ ನೆಲಸಿ ಬೇಸಾಯ, ಕೋಳಿಸಾಕಣೆ, ಆರೋಗ್ಯರಕ್ಷಣೆಗಳ ಕೆಲಸದಲ್ಲಿ ಕೈಜೋಡಿಸಿದ್ದರು. ಆದರೆ 2024ರ ಶ್ರಾವಣದಲ್ಲಿ ಶಿವಮೊಗ್ಗಕ್ಕೆ ಬಂದ ಯುರೋಪಿನ ತರುಣಿಯೊಬ್ಬಳು ಏನನ್ನೂ ಕಲಿಸಲು ಬಂದಿರಲಿಲ್ಲ. ನಮ್ಮ ಹುಡುಗ ಹುಡುಗಿಯರ ಆಸೆಗಳೇನು, ಕನಸುಗಳೇನು ಎಂದು ಕೇಳುವುದೇ ಆಕೆ ವಹಿಸಿಕೊಂಡಿದ್ದ ಸೇವೆ. ನಿವೃತ್ತ ಉಪಾಧ್ಯಾಯನಾದ ನಾನು ಆಕೆಗೆ ದುಭಾಷಿಯಾದೆ.

ಶಿವಮೊಗ್ಗದ ಮೊದಲ ಸಭೆಯಲ್ಲಿಯೇ ಒಂದು ವಿನೋದ ನಡೆಯಿತು. “ನಿಮ್ಮ ಕನಸೇನು?” ಎಂಬ ಪ್ರಶ್ನೆಯನ್ನು ನಾನು ಇದ್ದಂತೆಯೇ ಕನ್ನಡಿಸಿದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, ಹಿಂದಿನ ರಾತ್ರಿ ತುಂಗೆಯ ಸೇತುವೆಯ ಮೇಲೆ ಬರಿಗಾಲಿನಲ್ಲಿ ಓಡುತ್ತಿದ್ದಂತೆ ಕನಸು ಬಿದ್ದುದನ್ನು ವಿವರವಾಗಿ ಹೇಳಿದಳು. ಎಲ್ಲರೂ ನಕ್ಕರು. ಪ್ರಶ್ನೆಯನ್ನು ತಿದ್ದಿ ಕೇಳಿದಾಗ ಡಾಕ್ಟರ್, ಇಂಜಿನಿಯರ್, ಸರ್ಕಾರಿ ಕೆಲಸ ಎಂಬ ಉತ್ತರಗಳು ಬಾಯಿಪಾಠದಂತೆ ಬಂದವು. ಆ ಹುಡುಗಿಯ ಮಾತಿನಲ್ಲಿದ್ದ ಜೀವ ಇವುಗಳಲ್ಲಿ ಇರಲಿಲ್ಲ.

ಮರುದಿನ ಬಸ್ಸು ಹಿಡಿದು ಭದ್ರಾವತಿಗೆ ಹೋದೆವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಸಾಕಿ ಬೆಳೆಸಿದ ಊರು ಅದು. ಕಾಗದದ ಯಂತ್ರಗಳು ಹಲವು ವರ್ಷಗಳ ಹಿಂದೆಯೇ ನಿಂತವು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಧರಣಿ ಕುಳಿತರು. ಮುಂದೆ ಕೆಲವು ಕೆಲಸಗಳು ಮತ್ತೆ ಆರಂಭವಾದರೂ ಆತಂಕ ತೀರಲಿಲ್ಲ. ಅಲ್ಲಿನ ಗುತ್ತಿಗೆ ಕಾರ್ಮಿಕರೊಬ್ಬರ ಮಗ, ಹದಿನೇಳರ ಹುಡುಗ, ತಲೆ ತಗ್ಗಿಸಿ ಹೇಳಿದ: “ಈ ಊರಲ್ಲೇ ಇರ್ಬೇಕು ಅಂತ ನನ್ನಾಸೆ ಸಾರ್.”

ನಾನು ಅನುವಾದಿಸಿದೆ. “ಅಷ್ಟೇ ಏನು?” ಎಂದು ಆಕೆ ಅಚ್ಚರಿಪಟ್ಟಳು. ಲೋಕವನ್ನು ಕಾಣುವ ಹಂಬಲದಿಂದ ಮನೆ ಬಿಟ್ಟು ಬಂದವಳು. ಮನೆ ಬಿಡಬಾರದೆಂಬುದೂ ಒಂದು ಕನಸಾಗಬಲ್ಲದೆಂದು ಆಕೆಗೆ ಹೊಳೆದಿರಲಿಲ್ಲ. ಆ ಮಾತನ್ನು ನಾನು ಹುಡುಗನಿಗೆ ಮುಟ್ಟಿಸಲಿಲ್ಲ. ಬದಲಿಗೆ ಅವನ ಮನೆಯ ಸಂಗತಿಯನ್ನು ವಿಚಾರಿಸಿ ಆಕೆಗೆ ತಿಳಿಸಿದೆ: ಅಣ್ಣ ಕೆಲಸ ಹುಡುಕಿ ಬೆಂಗಳೂರು ಸೇರಿದ್ದಾನೆ; ಅವರ ಬೀದಿಯ ಹಲವು ಮನೆಗಳಲ್ಲಿ ಮುದುಕರಷ್ಟೇ ಉಳಿದಿದ್ದಾರೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಇಲ್ಲಿ ಉಳಿಯಲು ಏನು ಬೇಕೆಂದು ಕೇಳಿದಳು. ಹುಡುಗ ತಟ್ಟನೆ ತಲೆಯೆತ್ತಿದ. “ಒಂದು ಲೇತ್ ಮಿಷನ್, ಒಂದು ಸಣ್ಣ ಶೆಡ್ಡು. ಅಪ್ಪನಿಗೆ ಆ ಕೆಲಸ ಗೊತ್ತು, ನಂಗೂ ಕಲಿಸ್ತಾರೆ.”

ಹಿಂತಿರುಗುವ ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಪಾಠ ಹೇಳಿದ ನಾನು “ಮುಂದೆ ಏನಾಗುತ್ತೀಯೆ?” ಎಂದು ಎಷ್ಟೋ ಮಕ್ಕಳನ್ನು ಕೇಳಿದ್ದೆ, “ನಿನಗೆ ಏನು ಬೇಕು?” ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಆರು ವಾರ ಕಳೆದ ಮೇಲೆ ಅತಿಥಿ ತನ್ನ ದೇಶಕ್ಕೆ ಮರಳಿದಳು. ಪ್ರಶ್ನೆ ಕೇಳಿದವರು ಹೊರಟುಹೋದರೂ ಉತ್ತರ ಹೇಳಿದವರು ಇಲ್ಲಿಯೇ ಇರುತ್ತಾರೆ. ಆ ಋಣ ದುಭಾಷಿಯ ಪಾಲಿಗೆ ಬಂದಿತೆಂದು ತಿಳಿದು ನಾನು ಆಗಾಗ ಭದ್ರಾವತಿಗೆ ಹೋಗುತ್ತೇನೆ. ಹುಡುಗ ಈಗ ಐಟಿಐ ಓದುತ್ತಿದ್ದಾನೆ. ಶೆಡ್ಡು ಇನ್ನೂ ಆಗಿಲ್ಲ. ಕಳೆದ ಸಲ ಬಸ್ಸಿನವರೆಗೆ ಬಂದು ಬೀಳ್ಕೊಡುತ್ತ, “ನಿಮ್ಮ ಮೇಡಂಗೆ ಬರೀರಿ ಸಾರ್, ಇನ್ನೂ ಇಲ್ಲೇ ಇದೀನಿ ಅಂತ” ಎಂದ.